ಹೈಸ್ಕೂಲ್ ಮಕ್ಕಳಿಗೆ ಸಿನಿಮಾ ಪಾಠ: ನೀತಿ ಆಮೇಲೆ ಕೇಳಿ, ಏನ್ ಕಾಣಿಸ್ತು ಅಂತ ಮೊದಲು ಕೇಳಿ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಟೀಚರ್. ಸ್ಕೂಲಿಗೆ ಸ್ಮಾರ್ಟ್ ಕ್ಲಾಸ್ ಪ್ರೊಜೆಕ್ಟರ್ ಬಂದಿದೆ, ಶನಿವಾರ ಮಕ್ಕಳಿಗೆ ಒಳ್ಳೆ ಸಿನಿಮಾ ತೋರಿಸಿ ಅಂತ ಹೆಚ್.ಎಂ. ಹೇಳಿದ್ರು, ತೋರಿಸಿದೆ. ಅರ್ಧ ಜನ ನೋಡಿದ್ರು, ಅರ್ಧ ಜನ ಮಾತಾಡ್ತಾ ಕೂತ್ರು. ಮುಗಿದ್ಮೇಲೆ ಏನ್ ಕಲಿತ್ರಿ ಅಂದ್ರೆ "ಸುಳ್ಳು ಹೇಳಬಾರದು ಮಿಸ್" ಅಂದ್ರು. ಪದ್ಯ ಪಾಠ ಮಾಡೋ ಹಾಗೆ ಸಿನಿಮಾನೂ ಪಾಠ ಮಾಡಕ್ಕಾಗುತ್ತಾ? ನಂಗೆ ಕ್ಯಾಮೆರಾ ಗೀಮೆರಾ ಏನೂ ಗೊತ್ತಿಲ್ಲ. 9ನೇ ಕ್ಲಾಸಿನ ಮಕ್ಕಳು, ಪೀರಿಯಡ್ ಇರೋದು 40 ನಿಮಿಷ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಖಂಡಿತ ಆಗುತ್ತೆ ಮೇಡಂ. ಕ್ಯಾಮೆರಾ ಗೊತ್ತಿಲ್ಲ ಅನ್ನೋದು ಇಲ್ಲಿ ಅಡ್ಡಿನೇ ಅಲ್ಲ, ಪದ್ಯ ಪಾಠ ಮಾಡಕ್ಕೆ ಬರುತ್ತಲ್ಲ, ಅಷ್ಟು ಸಾಕು. ನೀವು ಒಂದು ಪದ್ಯ ತಗೊಂಡ್ರೆ ಮೊದಲು ಗಟ್ಟಿಯಾಗಿ ಓದ್ತೀರ, ಇನ್ನೊಂದ್ಸಲ ಓದ್ತೀರ, ಒಂದು ಸಾಲಿನ ಹತ್ರ ನಿಂತು ಕವಿ ಇಲ್ಲಿ ಈ ಮಾತನ್ನೇ ಯಾಕೆ ಹಾಕಿದ್ರು ಅಂತ ಕೇಳ್ತೀರ, ಭಾವಾರ್ಥಕ್ಕೆ ಬರೋದು ಆಮೇಲೆ. ಸಿನಿಮಾ ವಿಷಯದಲ್ಲಿ ಮಾತ್ರ ನಾವೆಲ್ಲ ಎರಡು ಗಂಟೆ ಪೂರ್ತಿ ಓಡಿಸಿ, ಲೈಟ್ ಹಾಕಿ, ನೇರ "ಏನ್ ಕಲಿತ್ರಿ" ಅಂತ ಶುರು ಮಾಡ್ತೀವಿ. ಆ ಪ್ರಶ್ನೆ ಕೇಳಿದ ತಕ್ಷಣ ಮಕ್ಕಳು ಸಿನಿಮಾನ ಪಕ್ಕಕ್ಕಿಟ್ಟು ಟೀಚರ್‌ಗೆ ಯಾವ ಉತ್ತರ ಬೇಕು ಅಂತ ಯೋಚನೆ ಮಾಡಕ್ಕೆ ಶುರು ಮಾಡ್ತಾರೆ, ಸುಳ್ಳು ಹೇಳಬಾರದು, ಹಿರಿಯರಿಗೆ ಗೌರವ ಕೊಡಬೇಕು, ಪರಿಸರ ಉಳಿಸಬೇಕು, ಇವೆಲ್ಲ ಸಿನಿಮಾ ನೋಡದೇ ಇದ್ರೂ ಹೇಳಬಹುದಾದ ಉತ್ತರಗಳೇ. ನೀವು ಬದಲಾಯಿಸಬೇಕಾದ್ದು ಆ ಒಂದು ಪ್ರಶ್ನೆನ. ಏನ್ ಕಾಣಿಸ್ತು, ಏನ್ ಕೇಳಿಸ್ತು, ಯಾವುದರ ಪಕ್ಕ ಯಾವುದನ್ನ ಇಟ್ಟಿದ್ರು. ಇಷ್ಟನ್ನ ಪಟ್ಟಾಗಿ ಕೇಳಿದ್ರೆ ಅರ್ಥ ಅನ್ನೋದು ಮಕ್ಕಳ ಬಾಯಿಂದನೇ ಬರುತ್ತೆ.

ಪೂರ್ತಿ ಸಿನಿಮಾ ಬೇಡ. 40 ನಿಮಿಷದಲ್ಲಿ ಪ್ರೊಜೆಕ್ಟರ್ ಆನ್ ಮಾಡಿ ಲ್ಯಾಪ್‌ಟಾಪ್ ಕನೆಕ್ಟ್ ಆಗೋ ಹೊತ್ತಿಗೆ ಹತ್ತು ನಿಮಿಷ ಹೋಗಿರುತ್ತೆ, ಉಳಿದ ಅರ್ಧ ಗಂಟೆಗೆ ಮೂರ್ನಾಲ್ಕು ನಿಮಿಷದ ಒಂದು ತುಣುಕು ತಗೊಂಡು ಮೂರು ಸಲ ತೋರಿಸಿ. ಮೊದಲನೇ ಸಲ ಸುಮ್ನೆ ನೋಡ್ಲಿ. ಎರಡನೇ ಸಲ ಸೌಂಡ್ ಪೂರ್ತಿ ತೆಗೆದು. ಮೂರನೇ ಸಲ ಪರದೆ ಕಾಣದ ಹಾಗೆ ತಲೆ ಬಗ್ಗಿಸಿ ಬರೀ ಕಿವಿಯಲ್ಲಿ. ಒಂದನ್ನೇ ಮೂರು ಸಲ ಅಂದ್ರೆ ಬೋರ್ ಆಗುತ್ತೆ ಅಂತ ನಿಮಗೆ ಅನುಮಾನ ಬರಬಹುದು, ಆಗಲ್ಲ, ಯಾಕಂದ್ರೆ ಎರಡನೇ ಸಲ ಒಬ್ಬ ಹುಡುಗ "ಮಿಸ್, ಹಿಂದೆ ಒಂದು ನಾಯಿ ಇತ್ತು, ಆಗ್ಲೇ ಕಾಣಿಸ್ಲಿಲ್ಲ" ಅಂತಾನೆ, ಆಮೇಲೆ ಎಲ್ರಿಗೂ ತಾವು ಏನ್ ಮಿಸ್ ಮಾಡಿದ್ವಿ ಅನ್ನೋ ಹುಡುಕಾಟ ಹತ್ತಿಕೊಳ್ಳುತ್ತೆ.

ಶುರು ಮಾಡಕ್ಕೆ ಕ್ಲಾಸಿಕ್ ಸಿನಿಮಾನೂ ಬೇಡ, ಅವರದೇ ಸಿನಿಮಾ ಸಾಕು. ಯಾವುದಾದ್ರೂ ಸ್ಟಾರ್ ಸಿನಿಮಾದ ಹೀರೋ ಎಂಟ್ರಿ ಸೀನ್ ತಗೊಳ್ಳಿ, ಮಕ್ಕಳನ್ನೇ ಕೇಳಿ ಆರಿಸಿ. ನಡುವೆ ಕಟ್ ಆಗದೇ ಓಡೋ ಒಂದೊಂದು ಚೂರಿಗೂ, ಅಂದ್ರೆ ಒಂದೊಂದು ಶಾಟ್‌ಗೂ ನಿಲ್ಲಿಸಿ ಬೋರ್ಡ್ ಮೇಲೆ ಬರೀತಾ ಹೋಗಿ: ಮೊದಲು ಕಾಲು, ಆಮೇಲೆ ಕೈ, ಆಮೇಲೆ ಬೆನ್ನು, ನಡುವೆ ಎದುರಾಳಿಗಳ ಹೆದರಿದ ಮುಖ, ಕೊನೆಗೆ ಹೀರೋ ಮುಖ. ಇಷ್ಟು ಬರೆದ್ಮೇಲೆ ಕೇಳಿ, ಮುಖನ ಮೊದಲೇ ತೋರಿಸಿಬಿಟ್ಟಿದ್ರೆ ಏನಾಗ್ತಿತ್ತು? ಕ್ಯಾಮೆರಾ ಅವನ ಕಾಲಿನ ಹತ್ರ ಯಾಕೆ ಕೂತಿದೆ, ಮೇಲಿಂದ ಯಾಕೆ ನೋಡ್ತಿಲ್ಲ? ಹಿಂದಿನ ಬೆಂಚಿನವರು, ನೋಟ್ಸ್ ಕೂಡ ಸರಿಯಾಗಿ ಬರೀದೇ ಇರೋವ್ರು, ಇದಕ್ಕೆ ಎಷ್ಟು ಚೆನ್ನಾಗಿ ಉತ್ತರ ಕೊಡ್ತಾರೆ ಅಂದ್ರೆ ನೀವು ಅವತ್ತಿಂದ ಅವರನ್ನ ಬೇರೆ ಥರ ನೋಡ್ತೀರ. ಅವರು ಟಿವಿ ಮತ್ತೆ ಮೊಬೈಲಲ್ಲಿ ಇಂಥದ್ದು ಎಷ್ಟೋ ನೋಡಿದ್ದಾರೆ, ವಿಷಯ ಅವರಿಗೆ ಗೊತ್ತು, ಹೇಳಿ ಅಂತ ಯಾರೂ ಕೇಳಿರಲಿಲ್ಲ ಅಷ್ಟೆ. ಸ್ಲೋ ಮೋಷನ್ ಹೆಂಗ್ ಮಾಡ್ತಾರೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಓಡುತ್ತೆ, ಅದೇ ಸೆಕೆಂಡಿಗೆ 48 ತೆಗೆದು 24ರ ವೇಗದಲ್ಲೇ ತೋರಿಸಿದ್ರೆ ಒಂದು ಸೆಕೆಂಡಿನ ನಡಿಗೆ ಎರಡು ಸೆಕೆಂಡ್ ಆಗುತ್ತೆ ಅಂತ ಹೇಳಿ, ಅರ್ಥ ಆಗುತ್ತೆ. ಅದಾದ್ಮೇಲೆ ಒಂದು ಪ್ರಶ್ನೆ ತಪ್ಪದೇ ಕೇಳಿ: ಇಂಥ ಎಂಟ್ರಿ ಯಾರಿಗೆ ಸಿಗಲ್ಲ? ಅಮ್ಮನ ಪಾತ್ರಕ್ಕೆ ಸಿಗುತ್ತಾ? ಹೀರೋಯಿನ್ ಮೊದಲನೇ ಸಲ ಬಂದಾಗ ಕ್ಯಾಮೆರಾ ಏನನ್ನ ತೋರಿಸುತ್ತೆ? ಇಲ್ಲಿ ಹುಡುಗೀರು ಮಾತಾಡ್ತಾರೆ. ನೀವು ಭಾಷಣ ಮಾಡಕ್ಕೆ ಹೋಗ್ಬೇಡಿ, ಅವರ ಮಾತು ಮುಗಿಯೋ ತನಕ ಬಿಡಿ, ಹುಡುಗರು ಮೊದಲು ನಗ್ತಾರೆ, ಆಮೇಲೆ ಅವರೂ ಕೇಳಿಸ್ಕೊಳ್ತಾರೆ.

ಎರಡನೇ ವಾರ ಕಟ್. ಇದಕ್ಕೆ ಟಿವಿಯ ಒಂದು 30 ಸೆಕೆಂಡ್ ಜಾಹೀರಾತು ಸಾಕು. ಕಟ್ ಆದಾಗಲೆಲ್ಲ, ಅಂದ್ರೆ ಚಿತ್ರ ಒಂದರಿಂದ ಇನ್ನೊಂದಕ್ಕೆ ಹಾರಿದಾಗಲೆಲ್ಲ, ಒಂದು ಚಪ್ಪಾಳೆ ಹೊಡೀಬೇಕು ಅಂತ ಹೇಳಿ. ಮೊದಲನೇ ಸಲ ಸುಮಾರು ಕಟ್‌ಗಳು ಅವರ ಕಣ್ಣು ತಪ್ಪಿಸಿ ಹೋಗ್ತವೆ, ಯಾಕಂದ್ರೆ ಯಾರೋ ಕೈ ಎತ್ತೋವಾಗ, ತಿರುಗೋವಾಗ, ಕೂರೋವಾಗ ಕಟ್ ಮಾಡಿರ್ತಾರೆ, ನಮ್ಮ ಗಮನ ಚಲನೆಯ ಮೇಲಿರೋದ್ರಿಂದ ಕತ್ತರಿ ಬಿದ್ದಿದ್ದು ಗೊತ್ತಾಗಲ್ಲ. ಎರಡನೇ ಸಲ ಚಪ್ಪಾಳೆ ಜಾಸ್ತಿ ಆಗುತ್ತೆ, ಪಕ್ಕದ ಕ್ಲಾಸಿನ ಮೇಷ್ಟ್ರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಅದಾದ್ಮೇಲೆ ಮೊಬೈಲಲ್ಲಿ ಒಂದು ಪ್ರಯೋಗ ಮಾಡಿ, ಇದು ನಂಗೆ ತುಂಬ ಇಷ್ಟವಾದ ಪಾಠ. ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನೋ ನಿರ್ದೇಶಕರು, ಅವರು ಮೇಷ್ಟ್ರೂ ಹೌದು, ಮೊಜ್ಜುಖಿನ್ ಅನ್ನೋ ನಟನ ಭಾವನೆ ಇಲ್ಲದ ಒಂದೇ ಮುಖನ ಬೇರೆ ಬೇರೆ ಚಿತ್ರಗಳ ಪಕ್ಕ ಅಂಟಿಸಿ ತೋರಿಸಿದ್ರು, ಸೂಪಿನ ಬಟ್ಟಲ ಪಕ್ಕ ಇಟ್ಟಾಗ ಹಸಿದವನ ಹಾಗೆ ಕಂಡ, ಶವಪೆಟ್ಟಿಗೆ ಪಕ್ಕ ಇಟ್ಟಾಗ ದುಃಖದಲ್ಲಿರೋನ ಹಾಗೆ ಕಂಡ, ಮುಖ ಮಾತ್ರ ಅದೇ. ನೀವು ಇದನ್ನ ನಿಮ್ಮ ಸ್ಕೂಲಲ್ಲೇ ಮಾಡಿ. ಒಬ್ಬ ಹುಡುಗ ಸುಮ್ನೆ ಎದುರಿಗೆ ನೋಡ್ತಾ ನಿಲ್ಲಲಿ, ನಗಬಾರ್ದು, ಅಳಬಾರ್ದು, ಐದು ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಬಿಸಿಯೂಟದ ತಟ್ಟೆ ಒಂದು ಶಾಟ್, ಕೆಂಪು ಇಂಕಿನ ಮಾರ್ಕ್ಸ್ ಇರೋ ಉತ್ತರ ಪತ್ರಿಕೆ ಒಂದು ಶಾಟ್, ಖಾಲಿ ಬೆಂಚು ಒಂದು ಶಾಟ್. ಮುಖ, ತಟ್ಟೆ, ಮುಖ. ಮುಖ, ಪತ್ರಿಕೆ, ಮುಖ. ಹೀಗೆ ಜೋಡಿಸಿ ಬೇರೆ ಸೆಕ್ಷನ್‌ನ ಮಕ್ಕಳಿಗೆ ತೋರಿಸಿ ಆ ಹುಡುಗನಿಗೆ ಏನ್ ಅನ್ನಿಸ್ತಿದೆ ಅಂತ ಚೀಟಿಯಲ್ಲಿ ಬರೆಸಿ. ಹಸಿವು, ಭಯ, ಫ್ರೆಂಡ್ ಊರು ಬಿಟ್ಟು ಹೋದ ಬೇಜಾರು ಅಂತೆಲ್ಲ ಬರೀತಾರೆ. ಆಮೇಲೆ ಗುಟ್ಟು ಹೇಳಿ, ಮೂರೂ ಕಡೆ ಇರೋದು ಒಂದೇ ಐದು ಸೆಕೆಂಡು. ಭಾವನೆ ಆ ಹುಡುಗನ ಮುಖದಲ್ಲಿ ಇರಲಿಲ್ಲ, ಎರಡು ಶಾಟ್ ಪಕ್ಕ ಪಕ್ಕ ಬಂದಾಗ ನೋಡೋವ್ರ ತಲೆಯಲ್ಲಿ ಹುಟ್ಟಿತು.

ಇದು ಬರೀ ಸಿನಿಮಾ ಪಾಠ ಅಲ್ಲ ನೋಡಿ, ವಾಟ್ಸಾಪಲ್ಲಿ ಬರೋ ವಿಡಿಯೋಗಳೂ ಕೆಲಸ ಮಾಡೋದು ಹೀಗೇ. ಎಲ್ಲಿಯದೋ ಒಂದು ಗಲಾಟೆ ವಿಡಿಯೋ ಪಕ್ಕ ಇನ್ಯಾವುದೋ ಊರಿನ ಫೋಟೋ ಹಾಕಿ, ಹಿಂದೆ ಒಂದು ಭಯ ಹುಟ್ಟಿಸೋ ಮ್ಯೂಸಿಕ್ ಕೊಟ್ರೆ ಸಾಕು, ನೋಡಿದವರು ನಡುವಿನ ಕತೆನ ತಾವೇ ಕಟ್ಟಿಕೊಳ್ತಾರೆ. ಒಂದ್ಸಲ ತಮ್ಮ ಕೈಯಿಂದ ಇದನ್ನ ಮಾಡಿದ ಮಗು ಮುಂದೆ ಅಂಥ ವಿಡಿಯೋ ಬಂದಾಗ ಫಾರ್ವರ್ಡ್ ಮಾಡೋಕೆ ಮುಂಚೆ ಒಂದು ಕ್ಷಣ ಅನುಮಾನ ಪಡುತ್ತೆ, ಅಷ್ಟಾದ್ರೆ ಅದಕ್ಕಿಂತ ದೊಡ್ಡ ಪ್ರಯೋಜನ ಈ ಪಾಠದಿಂದ ನಂಗೆ ಬೇಕಿಲ್ಲ.

ಇಷ್ಟಾದ್ಮೇಲೆ ಒಂದು ಪೂರ್ತಿ ಚಿತ್ರ. ಸತ್ಯಜಿತ್ ರಾಯ್ 1964ರಲ್ಲಿ ಮಾಡಿದ 'ಟು' ಅನ್ನೋ ಕಿರುಚಿತ್ರ ಇದೆ, ಕಪ್ಪು ಬಿಳುಪು, ಕಾಲು ಗಂಟೆಯೊಳಗೆ ಮುಗಿಯುತ್ತೆ, ಒಂದೇ ಒಂದು ಮಾತಿಲ್ಲ, ಹಾಗಾಗಿ ಸಬ್‌ಟೈಟಲ್ ತೊಂದರೆನೂ ಇಲ್ಲ. ದೊಡ್ಡ ಮನೆಯ ಹುಡುಗ ಒಬ್ಬನೇ ಆಟದ ಸಾಮಾನುಗಳ ನಡುವೆ ಇದ್ದಾನೆ. ಹೊರಗಿಂದ ಕೊಳಲಿನ ಸದ್ದು ಬರುತ್ತೆ. ಕಿಟಕಿಯಲ್ಲಿ ಇಣುಕಿದ್ರೆ ಕೆಳಗೆ ಗುಡಿಸಲಿನ ಹುಡುಗ ಕೊಳಲು ಊದ್ತಿದ್ದಾನೆ. ಇವನು ತನ್ನ ಆಟದ ತುತ್ತೂರಿ ತಂದು ಜೋರಾಗಿ ಊದ್ತಾನೆ. ಅವನು ಒಂದು ಪುಟ್ಟ ಡೋಲು ತರ್ತಾನೆ, ಇವನು ಕೀ ಕೊಟ್ರೆ ಡೋಲು ಬಾರಿಸೋ ಮಂಗನ ಬೊಂಬೆ ತರ್ತಾನೆ. ಮುಖವಾಡ, ಕತ್ತಿ, ಬಂದೂಕು ಹೀಗೆ ಪೈಪೋಟಿ ಬೆಳೆದು ಕೆಳಗಿನವನು ಸೋತು ಒಳಗೆ ಹೋಗ್ತಾನೆ. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಆಕಾಶದಲ್ಲಿ ಒಂದು ಗಾಳಿಪಟ. ಮೇಲಿನವನು ಅದನ್ನ ಏರ್‌ಗನ್ನಿಂದ ಹೊಡೆದು ಬೀಳಿಸ್ತಾನೆ. ಆಮೇಲೆ ತನ್ನ ಎಲ್ಲ ಬೊಂಬೆಗಳಿಗೂ ಕೀ ಕೊಟ್ಟು ಕೂತಾಗ ಆ ಗದ್ದಲದ ನಡುವೆ ಕೊಳಲು ಮತ್ತೆ ಕೇಳಿಸುತ್ತೆ.

ಇದನ್ನ ತೋರಿಸಿದ್ಮೇಲೆ ಶ್ರೀಮಂತ, ಬಡವ ಅನ್ನೋ ಎರಡು ಮಾತನ್ನ ಬಳಸಬಾರದು ಅಂತ ಒಂದು ನಿಯಮ ಮಾಡಿ. ಆಗ ಮಕ್ಕಳು ಬೇರೆ ದಾರಿ ಹುಡುಕಲೇಬೇಕಾಗುತ್ತೆ. ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ? ಗುಡಿಸಲಿನ ಹುಡುಗನನ್ನ ನಾವು ಹೆಚ್ಚಾಗಿ ಎಲ್ಲಿಂದ ನೋಡ್ತೀವಿ, ಅವನ ಪಕ್ಕದಿಂದನೋ ಕಿಟಕಿಯಿಂದನೋ? ದೊಡ್ಡ ಮನೆಯೊಳಗೆ ಯಾರಾದ್ರೂ ಇವನ ಜೊತೆ ಆಡೋವ್ರು ಕಂಡ್ರಾ? ಯಾವ ಸದ್ದು ಮನುಷ್ಯನ ಉಸಿರಿಂದ ಬರುತ್ತೆ, ಯಾವುದು ಮೆಷಿನ್‌ನಿಂದ ಬರುತ್ತೆ? ಒಬ್ಬ ವಿದ್ಯಾರ್ಥಿ "ಈ ಚಿತ್ರವು ಬಡವರನ್ನು ಕೀಳಾಗಿ ಕಾಣಬಾರದು ಎಂಬ ನೀತಿಯನ್ನು ತಿಳಿಸುತ್ತದೆ" ಅಂತ ಬರೆದ್ರೆ ಅದು ತಪ್ಪಲ್ಲ, ಆದ್ರೆ ಆ ವಾಕ್ಯನ ಬೇರೆ ಎಷ್ಟು ಚಿತ್ರಕ್ಕೆ ಬೇಕಾದ್ರೂ ಅಂಟಿಸಬಹುದು. ಇನ್ನೊಬ್ಬಳು "ಅವನು ಗಾಳಿಪಟ ಹೊಡೆದು ಹಾಕಿದ, ಆದ್ರೆ ಕೊಳಲಿನ ಸದ್ದಿಗೆ ಗುಂಡು ಹೊಡೆಯಕ್ಕಾಗಲ್ಲ, ಅದು ಕಿಟಕಿಯೊಳಗೆ ಬಂದೇ ಬರುತ್ತೆ" ಅಂತ ಬರೆದ್ರೆ ಅವಳು ಈ ಚಿತ್ರನೇ ನೋಡಿದ್ದಾಳೆ. ಅವಳ ಕಾಗುಣಿತ ತಪ್ಪಿದ್ರೂ ಪೂರ್ತಿ ಮಾರ್ಕ್ಸ್ ಕೊಡಿ ಮೇಡಂ. ಎಫ್‌ಎ (ವರ್ಷದ ನಡುವೆ ಕ್ಲಾಸಲ್ಲೇ ಮಾಡೋ ಮೌಲ್ಯಮಾಪನ) ಚಟುವಟಿಕೆಗೆ ಬೇಕಾದ್ರೆ ಇದನ್ನೇ ಇಟ್ಕೊಳ್ಳಿ, ಒಂದೇ ಒಂದು ಶಾಟ್ ಬಗ್ಗೆ ಹತ್ತು ಸಾಲು. ಕ್ಲೋಸಪ್ ಅಂದ್ರೇನು, ಲಾಂಗ್ ಶಾಟ್ ಅಂದ್ರೇನು ಅಂತ ಡೆಫಿನಿಷನ್ ಕೇಳೋ ಪರೀಕ್ಷೆ ದಯವಿಟ್ಟು ಬೇಡ, ಆ ಹೆಸರುಗಳು ಮಾತಿನ ನಡುವೆ ತಾನಾಗೇ ಬಾಯಿಗೆ ಬರ್ತವೆ.

ನೀವು ಕನ್ನಡ ಟೀಚರ್ ಆಗಿರೋದ್ರಿಂದ ನಿಮಗೆ ಇನ್ನೊಂದು ಅನುಕೂಲ ಇದೆ, ಕತೆ ಓದಿಸಿ ಅದರ ಸಿನಿಮಾ ತೋರಿಸಬಹುದು. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ನ ಗಿರೀಶ್ ಕಾಸರವಳ್ಳಿ 1986ರಲ್ಲಿ ಸಿನಿಮಾ ಮಾಡಿದ್ರು, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ತಬರನ ಪಾತ್ರ ಮಾಡಿದ ಚಾರುಹಾಸನ್‌ಗೂ ಬಂತು. ಪೆನ್ಷನ್‌ಗೆ ಆಫೀಸಿಂದ ಆಫೀಸಿಗೆ ಅಲೆಯೋ ಮನುಷ್ಯನ ಕತೆ, ತಾಲ್ಲೂಕು ಕಚೇರಿ ಮುಂದೆ ಕಾದು ಕೂತ ಅಜ್ಜನೋ ಅಪ್ಪನೋ ನಿಮ್ಮ ಕ್ಲಾಸಿನ ಎಷ್ಟೋ ಮನೆಯಲ್ಲಿ ಇರ್ತಾರೆ. ಸಿನಿಮಾ ತೋರಿಸೋ ಮುಂಚೆ ಈ ಕೆಲಸ ಕೊಡಿ: ಕತೆ ಬರೆಯೋವ್ರಿಗೆ "ತಿಂಗಳುಗಳು ಕಳೆದವು" ಅಂತ ಬರೆದ್ರೆ ಆಯ್ತು, ಸಿನಿಮಾದವರು ಅದನ್ನ ಹೆಂಗೆ ತೋರಿಸಬೇಕು? ಮೂರು ಶಾಟ್‌ನಲ್ಲಿ ಬರೀರಿ, ಕ್ಯಾಲೆಂಡರ್ ಹಾಳೆ ಹಾರಿಸೋ ಹಾಗಿಲ್ಲ. ಸವೆದ ಚಪ್ಪಲಿ, ಬೆಳೆದ ಗಡ್ಡ, ಮೊದಲು ಬಿಸಿಲು ಆಮೇಲೆ ಮಳೆ, ಅದೇ ಬಾಗಿಲು ಆದ್ರೆ ಬೇರೆ ಗುಮಾಸ್ತ, ಅವರಿಗೆ ಹೊಳೆಯೋದನ್ನ ನೋಡಿ ನಿಮಗೇ ಖುಷಿಯಾಗುತ್ತೆ. ಹೀಗೆ ತಾವು ಯೋಚಿಸಿಕೊಂಡು ಹೋದ್ಮೇಲೆ ನಿರ್ದೇಶಕರು ಏನ್ ಮಾಡಿದ್ದಾರೆ ಅಂತ ನೋಡೋ ಕುತೂಹಲವೇ ಬೇರೆ. ಶಿವರಾಮ ಕಾರಂತರ 'ಚೋಮನ ದುಡಿ', ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದ್ದು, 10ನೇ ಕ್ಲಾಸಿನವರಿಗೆ ಸರಿ. ಅಲ್ಲಿ ಕಿವಿಗೆ ಕೆಲಸ ಕೊಡಿ, ಪುಸ್ತಕದಲ್ಲಿ ದುಡಿ ಅಂತ ಓದೋದಕ್ಕೂ ಕತ್ತಲೆ ಮಾಡಿದ ಕ್ಲಾಸ್‌ರೂಮಲ್ಲಿ ಅದರ ಪೆಟ್ಟು ಕೇಳೋದಕ್ಕೂ ಇರೋ ವ್ಯತ್ಯಾಸ ಏನು ಅಂತ.

ಹಳ್ಳಿ ಮಕ್ಕಳಿಗೆ ಇಂಥ ಚಿತ್ರ ತಲೆಗೆ ಹೋಗಲ್ಲ ಅಂತ ಸ್ಟಾಫ್ ರೂಮಲ್ಲಿ ಯಾರಾದ್ರೂ ಅಂದ್ರೆ ನಿಮ್ಮ ಜಿಲ್ಲೆಯ ಹೆಗ್ಗೋಡನ್ನೇ ತೋರಿಸಿ. ಸಾಗರ ತಾಲ್ಲೂಕಿನ ಆ ಊರಲ್ಲಿ ಕೆ.ವಿ. ಸುಬ್ಬಣ್ಣ ಮತ್ತೆ ಗೆಳೆಯರು 1973ರಲ್ಲಿ ನೀನಾಸಂ ಅನ್ನೋ ರಂಗಸಂಸ್ಥೆಯ ಚಿತ್ರಸಮಾಜ, ಅಂದ್ರೆ ಒಟ್ಟಿಗೆ ಕೂತು ಸಿನಿಮಾ ನೋಡೋ ಕೂಟ, ಶುರು ಮಾಡಿದ್ರು, ಅಡಿಕೆ ತೋಟದ ಕೆಲಸ ಮುಗಿಸಿ ಬಂದ ಜನ ಕೂತು 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್' ಥರದ ಚಿತ್ರಗಳನ್ನ ನೋಡಿದ್ರು, ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದುರ್ ಅಲ್ಲಿಗೆ ಬಂದು ಚಿತ್ರರಸಗ್ರಹಣದ, ಅಂದ್ರೆ ಸಿನಿಮಾನ ಹೆಂಗೆ ನೋಡಿ ಸವಿಯಬೇಕು ಅನ್ನೋದರ, ಪಾಠ ಮಾಡಿದ್ರು. ಭಾಷೆ ಬಂಗಾಳಿ, ಇಟಾಲಿಯನ್. ನೋಡಿದವರು ನಮ್ಮ ಮಲೆನಾಡಿನವರು. ಇದು ಇಷ್ಟು ಹತ್ತಿರದಲ್ಲಿ ನಡೆದಿರೋವಾಗ ನಮ್ಮ ಮಕ್ಕಳಿಗೆ ಆಗಲ್ಲ ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ. 'ಪಥೇರ್ ಪಾಂಚಾಲಿ'ಯಲ್ಲಿ ಅಪು, ದುರ್ಗಾ ಕಾಶ್ ಹುಲ್ಲಿನ ಬಯಲಲ್ಲಿ ರೈಲು ನೋಡಕ್ಕೆ ಓಡೋ ತುಣುಕು ಇದೆಯಲ್ಲ, ಅದನ್ನ ತೋರಿಸಿ, ರೈಲು ಕಾಣೋಕೆ ಮುಂಚೆ ಏನೇನು ಕೇಳಿಸ್ತು ಅಂತ ಕೇಳಿ, ತಂತಿ ಕಂಬದ ಗುಂಯ್ ಸದ್ದನ್ನ ಯಾರು ಮೊದಲು ಹಿಡೀತಾರೆ ನೋಡಿ.

ಮಕ್ಕಳೇ ಚಿತ್ರ ಮಾಡೋದು ಕೊನೆಗೆ, ಮೂರ್ನಾಲ್ಕು ತಿಂಗಳಾದ್ಮೇಲೆ. ಮಾಡಿಸಲೇಬೇಕು, ಯಾಕಂದ್ರೆ ಎಲ್ಲಿ ನಿಂತು ತೆಗೀಬೇಕು ಅಂತ ತೀರ್ಮಾನ ಮಾಡಬೇಕಾದಾಗಲೇ ಹಿಂದೆ ನೋಡಿದ್ದೆಲ್ಲ ಗಟ್ಟಿಯಾಗೋದು. ಆರು ಜನರ ಗುಂಪು, ಒಂದು ಮೊಬೈಲು, ಆರು ಶಾಟು, ಮಾತು ಇರಬಾರದು. ವಿಷಯ ತೀರಾ ಸಣ್ಣದಿರಲಿ: ಕಳೆದುಹೋದ ಪೆನ್ನು, ತಡವಾಗಿ ಬಂದವನು, ಬಸ್ ಮಿಸ್ ಆಗಿದ್ದು. ಬಿಟ್ರೆ ಎಲ್ಲ ಗುಂಪೂ ರೈತರ ಆತ್ಮಹತ್ಯೆನೋ ಕುಡುಕ ಅಪ್ಪನ ಕತೆನೋ ತಗೊಂಡು ಕೊನೆಗೆ ಒಂದು ಸ್ಲೋಗನ್ ಹಾಕ್ತಾರೆ, ಪ್ರತಿಭಾ ಕಾರಂಜಿಯ ಕಿರುನಾಟಕಗಳಲ್ಲಿ ಅವರು ನೋಡಿರೋದು ಅದನ್ನೇ. ಎಡಿಟಿಂಗ್ ಆಪ್ ಕೂಡ ಬೇಡ. ತುಂಬ ಫೋನ್‌ಗಳಲ್ಲಿ ವಿಡಿಯೋ ತೆಗೆಯೋವಾಗ ಸ್ವಲ್ಪ ಹೊತ್ತು ನಿಲ್ಲಿಸೋ ಪಾಸ್ (pause) ಬಟನ್ ಇರುತ್ತೆ, ಮೊದಲನೇ ಶಾಟ್ ತೆಗೆದು ಪಾಸ್ ಮಾಡಿ, ಎರಡನೇ ಜಾಗಕ್ಕೆ ಹೋಗಿ ಮುಂದುವರಿಸಿದ್ರೆ ಸ್ಟಾಪ್ ಒತ್ತೋ ಹೊತ್ತಿಗೆ ಚಿತ್ರ ರೆಡಿ. ತಪ್ಪಾದ್ರೆ ಮೊದಲಿಂದ ತೆಗೀಬೇಕು, ಹಾಗಾಗಿ ಒತ್ತೋಕೆ ಮುಂಚೆ ಪೇಪರ್ ಮೇಲೆ ಆರು ಚೌಕ ಹಾಕಿ ಚಿತ್ರ ಬರೆದುಕೊಳ್ಳೋ ಅಭ್ಯಾಸ ಅವರಿಗೇ ಬರುತ್ತೆ.

ಒಂದು ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. ಫೋನ್ ಕೈಗೆ ಬಂದ ಕೂಡಲೇ ಹುಡುಗರೇ ಹಿಡ್ಕೊಳ್ತಾರೆ, ಹುಡುಗೀರಿಗೆ ನಟನೆ ಮತ್ತೆ ಬ್ಯಾಗ್ ಕಾಯೋ ಕೆಲಸ ಉಳಿಯುತ್ತೆ. ಮನೆಯಲ್ಲೂ ಫೋನು ಅಣ್ಣನದ್ದೋ ಅಪ್ಪನದ್ದೋ ಆಗಿರುತ್ತೆ, ಅವರಿಗೆ ಕ್ಯಾಮೆರಾ ಹಿಡಿಯೋ ಅವಕಾಶ ಸಿಗೋ ಜಾಗ ನಿಮ್ಮ ಕ್ಲಾಸ್ ಒಂದೇ ಇರಬಹುದು. ಪ್ರತಿ ಶಾಟ್‌ಗೂ ಕ್ಯಾಮೆರಾ ಬೇರೆಯವರ ಕೈಗೆ ಹೋಗಬೇಕು ಅಂತ ನಿಯಮ ಹಾಕಿ, ಆರು ಶಾಟು ಆರು ಕೈ. ತೆಗೆದಿದ್ದೆಲ್ಲ ಸ್ಕೂಲ್ ಲ್ಯಾಪ್‌ಟಾಪ್‌ಗೆ ಹಾಕಿ ಫೋನಿಂದ ಅಳಿಸಿಬಿಡಿ, ಯಾರ ಸ್ಟೇಟಸ್‌ಗೂ ಇನ್‌ಸ್ಟಾಗೂ ಹೋಗಬಾರ್ದು, ಮಕ್ಕಳ ಮುಖ ಇರೋದ್ರಿಂದ ಶುರುವಿನಲ್ಲೇ ಪೋಷಕರ ಸಹಿ ತಗೊಂಡಿರಿ.

ಹೆಚ್.ಎಂ. ಕೇಳಬಹುದಾದ ಎರಡು ಪ್ರಶ್ನೆಗೂ ಉತ್ತರ ಇಟ್ಕೊಂಡಿರಿ. ಕಾಪಿರೈಟ್: 1957ರ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗಷ್ಟೇ ಸಿನಿಮಾ ತೋರಿಸೋದಕ್ಕೆ ವಿನಾಯಿತಿ ಇದೆ, ಊರವರನ್ನೆಲ್ಲ ಕರೆದು ಟಿಕೆಟ್ ಮಾಡಿದ್ರೆ ಅದು ಬೇರೆ ಮಾತು, ಒಟಿಟಿ ಅಕೌಂಟಿಂದ ತೋರಿಸೋದಾದ್ರೆ ಅವರ ಷರತ್ತುಗಳನ್ನ ಒಮ್ಮೆ ಓದಿ. ವಯಸ್ಸು: 2024ರ ನಿಯಮಗಳಾದ್ಮೇಲೆ ಯುಎ ಸರ್ಟಿಫಿಕೇಟಲ್ಲಿ 7+, 13+, 16+ ಅಂತ ಮೂರು ಹಂತ ಇದೆ, ಹೊಸ ಸಿನಿಮಾದಲ್ಲಿ ಅದನ್ನ ನೋಡಿ, ಹಳೇದಾದ್ರೆ ನೀವೇ ಪೂರ್ತಿ ಒಂದ್ಸಲ ನೋಡಿದ್ಮೇಲೆ ತೋರಿಸಿ. ಇನ್ನು ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ನಂಬ್ಕೊಬೇಡಿ, ಮೂರನೇ ಬೆಂಚಿಂದಾಚೆ ಏನೂ ಕೇಳಲ್ಲ, ಪ್ರೇಯರ್‌ಗೆ ಬಳಸೋ ಸ್ಪೀಕರನ್ನ ಪಿ.ಟಿ. ಮೇಷ್ಟ್ರ ಹತ್ರ ಕೇಳಿ ಶುಕ್ರವಾರನೇ ತಂದು ಕನೆಕ್ಟ್ ಮಾಡಿ ನೋಡಿ. ತುಣುಕುಗಳನ್ನ ಪೆನ್‌ಡ್ರೈವ್‌ಗೆ ಹಾಕಿಟ್ಕೊಳ್ಳಿ, ನೆಟ್ ಮೇಲೆ ಭರವಸೆ ಬೇಡ. ಕರೆಂಟ್ ಹೋದ್ರೆ ಆರು ಚೌಕದ ಕೆಲಸನ ಅವತ್ತೇ ಮಾಡಿಸಿ, ಅದಕ್ಕೆ ಬೇಕಾಗಿರೋದು ಹಾಳೆ ಪೆನ್ಸಿಲ್ ಅಷ್ಟೆ.